ಹಟ್ಟಿಯ ಮನಸ್ಸಿನ ಲೆಕ್ಕ ಯಾರ ಕೈಲಿರಬೇಕು?

(ಚಿತ್ರದುರ್ಗದಲ್ಲಿ ನರ್ಸಿಂಗ್ ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳು ಹಾಗೂ ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹಲವರು ಪ್ರಾಜೆಕ್ಟ್ ಕೆಲಸಕ್ಕೆ ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆ ಹೊರಡುವವರಿದ್ದೀರಿ. ಕುರಿ ಕಾಯುವ ಕಾಡುಗೊಲ್ಲರ ಹಟ್ಟಿಗೆ ಹೋಗುತ್ತೀರಿ, ದನ ಕಾಯುವ ಮ್ಯಾಸನಾಯಕರ ಹಟ್ಟಿಗೆ ಹೋಗುತ್ತೀರಿ, ಲಂಬಾಣಿ ತಾಂಡಾಗಳಿಗೆ ಹೋಗುತ್ತೀರಿ. ನಿದ್ದೆ ಬರುತ್ತದಾ, ಚಿಂತೆ ಜಾಸ್ತಿಯಾ, ಕುಡಿತ ಎಷ್ಟು, ಸಾಯಬೇಕು ಅನಿಸಿದೆಯಾ ಎಂದೆಲ್ಲ ಕೇಳುತ್ತೀರಿ. ಹೋಗುವ ಮುಂಚೆ ಒಂದು ಮಾತು ನಿಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂರಲಿ ಅಂತ ನನ್ನ ಆಸೆ. ಆ ಜನ ಕೊಡುವ ಉತ್ತರ ಅವರದ್ದು. ಅದನ್ನು ಏನು ಮಾಡಬೇಕು, ಎಲ್ಲಿಡಬೇಕು, ಯಾರಿಗೆ ತೋರಿಸಬೇಕು ಅನ್ನುವುದರಲ್ಲಿ ಅವರ ಮಾತು ನಡೆಯಬೇಕು.

ಇದು ಸುಮ್ನೆ ಒಳ್ಳೆಯತನದ ಮಾತಲ್ಲ. ಇದನ್ನು ಮರೆತ ಕಡೆ ಏನಾಯಿತು ಅನ್ನುವುದಕ್ಕೆ ದಾಖಲೆ ಇದೆ.

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಾಸುಪಾಯಿ ಅನ್ನುವ ಸಣ್ಣ ಬುಡಕಟ್ಟು ಇದೆ. ಅವರಲ್ಲಿ ಸಕ್ಕರೆ ಕಾಯಿಲೆ ಬಹಳ. 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಅವರ ರಕ್ತ ಸಂಗ್ರಹಿಸಿದರು. ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ ಅಂತ ನೋಡುತ್ತೇವೆ ಅಂದರು. ನಮ್ಮ ಮಕ್ಕಳಿಗಾದರೂ ಒಳ್ಳೆಯದಾಗಲಿ ಅಂತ ಜನ ಕೈ ಚಾಚಿದರು. ಆಮೇಲೆ ಅದೇ ರಕ್ತ ಬೇರೆ ಬೇರೆ ಸಂಶೋಧನೆಗೆ ಹೋಯಿತು. ಸ್ಕಿಜೋಫ್ರೇನಿಯಾ ಅನ್ನುವ ಮನಸ್ಸಿನ ಕಾಯಿಲೆಯ ಬಗ್ಗೆ ನೋಡಿದರು. ಒಳಸಂಬಂಧದ ಮದುವೆಗಳ ಬಗ್ಗೆ ನೋಡಿದರು. ಇವರ ಪೂರ್ವಿಕರು ಎಲ್ಲಿಂದ ವಲಸೆ ಬಂದವರು ಅಂತಲೂ ನೋಡಿದರು. ನಾವು ಈ ಕಣಿವೆಯಲ್ಲೇ ಹುಟ್ಟಿದವರು ಅಂತ ನಂಬಿ ಬದುಕಿದ ಜನ ಅವರು. ಅವರಿಗೆ ಯಾರೂ ಒಂದು ಮಾತು ಹೇಳಲಿಲ್ಲ.

ಇದು ಹೊರಗೆ ಬಂದಿದ್ದು 2003ರಲ್ಲಿ. ಆ ಬುಡಕಟ್ಟಿನ ಕಾರ್ಲೆಟಾ ಟಿಲೌಸಿ ಅನ್ನುವ ಮಹಿಳೆ ಅದೇ ವಿಶ್ವವಿದ್ಯಾಲಯದಲ್ಲಿ ಒಂದು ಪಿಎಚ್‌ಡಿ ಮಂಡನೆಗೆ ಹೋಗಿ ಕೂತಿದ್ದರು. ತೆರೆಯ ಮೇಲೆ ತಮ್ಮ ಜನರ ರಕ್ತದ ವಿಷಯವೇ ಬಂತು. ಇದಕ್ಕೆ ಒಪ್ಪಿಗೆ ತೆಗೆದುಕೊಂಡಿದ್ದೀರಾ ಅಂತ ಆಕೆ ಎದ್ದು ಕೇಳಿದರು. ಕೋರ್ಟು ಕಚೇರಿ ಎಲ್ಲ ಆಗಿ 2010ರಲ್ಲಿ ರಾಜಿ ಆಯಿತು. 41 ಜನರಿಗೆ ಒಟ್ಟು 7 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಉಳಿದಿದ್ದ ರಕ್ತದ ಮಾದರಿಗಳನ್ನು ಬುಡಕಟ್ಟಿನವರ ಕೈಗೆ ವಾಪಸ್ ಕೊಟ್ಟರು.

ಇನ್ನೊಂದು ಅಲಾಸ್ಕಾದ ಬ್ಯಾರೋ ಪಟ್ಟಣದ್ದು. 1979ರಲ್ಲಿ ಅಲ್ಲಿನ ಮೂಲನಿವಾಸಿ ಇನುಪಿಯಾಟ್ ಜನರ ಕುಡಿತದ ಬಗ್ಗೆ ಅಧ್ಯಯನ ನಡೆಯಿತು. ಫಲಿತಾಂಶವನ್ನು ಮೊದಲು ಆ ಊರಿನ ಜನರ ಮುಂದೆ ಇಟ್ಟು ಚರ್ಚೆ ಮಾಡಬೇಕಿತ್ತು, ಅಲ್ವಾ? ಅದು ಸಾವಿರಾರು ಮೈಲಿ ದೂರದ ಫಿಲಡೆಲ್ಫಿಯಾದಲ್ಲಿ ಪತ್ರಿಕಾಗೋಷ್ಠಿಯ ಸುದ್ದಿಯಾಯಿತು. ಇಡೀ ಊರೇ ಕುಡುಕರ ಊರು ಅನ್ನುವ ಹಾಗೆ ದೇಶದ ಪತ್ರಿಕೆಗಳಲ್ಲಿ ಬಂತು. ಕುಡಿತದ ಸಮಸ್ಯೆ ಅಲ್ಲಿ ನಿಜವಾಗಿಯೂ ಇತ್ತು. ಅದಕ್ಕೆ ದಾರಿ ಹುಡುಕಲೆಂದೇ ಅಧ್ಯಯನ ಶುರುವಾಗಿದ್ದು. ಕೊನೆಗೆ ಜನರ ಪಾಲಿಗೆ ಬಂದಿದ್ದು ಅವಮಾನ.

ಈಗ ನಮ್ಮ ಜಿಲ್ಲೆಗೆ ಬರೋಣ. 2011ರ ಜನಗಣತಿಯ ಪ್ರಕಾರ ಚಿತ್ರದುರ್ಗದ ಜನರಲ್ಲಿ ಪರಿಶಿಷ್ಟ ಪಂಗಡದವರು ಶೇಕಡಾ 18ರಷ್ಟು. ರಾಜ್ಯದ ಸರಾಸರಿ ಶೇಕಡಾ 7ರಷ್ಟು. ಕಾಡುಗೊಲ್ಲರು ಈ ಲೆಕ್ಕದಲ್ಲಿಲ್ಲ, ಆ ಪಟ್ಟಿಗೆ ಸೇರಿಸಿ ಅಂತ ವರ್ಷಗಟ್ಟಲೆ ಕೇಳುತ್ತಲೇ ಇದ್ದಾರೆ. ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಪಕ್ಕದ ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಡೆ ಹಕ್ಕಿಪಿಕ್ಕಿ ಜನ ಇದ್ದಾರೆ. ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾವರೆಗೂ ಹೋಗುವ ಜನ ಅವರು. 2023ರಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಕಡೆಯ ಹಕ್ಕಿಪಿಕ್ಕಿಗಳೂ ಇದ್ದರು. ಊರೂರು ಸುತ್ತಿ ಔಷಧಿ ಮಾರಿ ಬದುಕುವವರಿಗೆ ನಾವು ಆರೋಗ್ಯದ ಪಾಠ ಹೇಳಲು ಹೋಗುತ್ತೇವೆ. ಅವರಿಗೆ ಗೊತ್ತಿರುವುದನ್ನು ಮೊದಲು ಕೇಳಬೇಕಲ್ಲವೇ?

ಇಷ್ಟೆಲ್ಲ ಸಮುದಾಯಗಳ ಮನಸ್ಸಿನ ಆರೋಗ್ಯದ ಬಗ್ಗೆ ಲೆಕ್ಕ ತುಂಬಾ ಕಡಿಮೆ. ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2015-16ರಲ್ಲಿ 12 ರಾಜ್ಯಗಳಲ್ಲಿ ಆಯಿತು. ಆ 12ರಲ್ಲಿ ಕರ್ನಾಟಕ ಇರಲಿಲ್ಲ, ಕೋಲಾರದಲ್ಲಿ ಪ್ರಾಯೋಗಿಕವಾಗಿ ನಡೆಸಿ ನೋಡಿದ್ದರು ಅಷ್ಟೇ. ಆ ಸಮೀಕ್ಷೆ ಹೇಳಿದ ಪ್ರಕಾರ ದೇಶದಲ್ಲಿ ಹತ್ತು ವಯಸ್ಕರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇದೆ, ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿಲ್ಲ. ಹಾಗಾಗಿ ನಿಮ್ಮ ಪ್ರಾಜೆಕ್ಟ್ ಸಣ್ಣದು ಅಂದುಕೊಳ್ಳಬೇಡಿ. ಅದು ಬೇಕು. ಬೇಕಾಗಿರುವುದರಿಂದಲೇ ಸರಿಯಾಗಿ ಆಗಬೇಕು.

ಒಂದು ಸಂದರ್ಶನ ಹೇಗೆ ನಡೆಯುತ್ತದೆ, ಕಣ್ಣ ಮುಂದೆ ತಂದುಕೊಳ್ಳಿ. ನೀವು ಹಟ್ಟಿಗೆ ಹೋದ ಕೂಡಲೇ ಯಾರೋ ಪ್ಲಾಸ್ಟಿಕ್ ಕುರ್ಚಿ ತಂದು ಹಾಕುತ್ತಾರೆ. ಮಾತಾಡಬೇಕಾದ ಹೆಂಗಸು ನೆಲದ ಮೇಲೆ ಕೂರುತ್ತಾಳೆ. ಮಾವ ಕಂಬಕ್ಕೆ ಒರಗಿ ನಿಂತಿರುತ್ತಾರೆ. ಅಕ್ಕಪಕ್ಕದವರು ಬಂದು ಸೇರುತ್ತಾರೆ. ಮಕ್ಕಳು ನಿಮ್ಮ ಟ್ಯಾಬ್ ಇಣುಕುತ್ತವೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ನಿಮಗೆಲ್ಲ ಗೊತ್ತು. ಅದರಿಂದ ಓದುತ್ತೀರಿ: ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆಗೆ ತೊಂದರೆ ಆಗಿದೆ?

"ಕುರಿ ರೊಪ್ಪದ ತಾವೇ ಮಲಗಾದು ಮೇಡಮ್ಮೋರೆ. ತೋಳದ ಕಾಟ ಐತೆ. ನಿದ್ದೆ ಎಲ್ಲಿಂದ ಬರಬೇಕು?"

ನೀವು "ಹೆಚ್ಚುಕಡಿಮೆ ಪ್ರತಿದಿನ" ಅನ್ನುವ ಕಡೆ ಗುರುತು ಹಾಕುತ್ತೀರಿ. ಮೂರು ಅಂಕ. ಸುಸ್ತು ಆಗುತ್ತದಾ? ದಿನಾ ಕುರಿ ಹಿಂದೆ ನಡೆಯುವವಳಿಗೆ ಸುಸ್ತು ಆಗದೆ ಇರುತ್ತದಾ? ಇನ್ನೂ ಮೂರು ಅಂಕ. ಮುಂದೆ ಒಳ್ಳೆಯದಾಗುತ್ತದೆ ಅನ್ನುವ ಭರವಸೆ ಇದೆಯಾ? ಶೇಂಗಾ ಒಣಗಿಹೋಗಿದೆ, ಮಳೆ ಇಲ್ಲ, ಎಲ್ಲಿಯ ಭರವಸೆ? ಮತ್ತೆ ಮೂರು. ನಿಮ್ಮ ಹಾಳೆಯ ಪ್ರಕಾರ ಆಕೆ ಆಗಲೇ ಖಿನ್ನತೆಯ ಹತ್ತಿರಕ್ಕೆ ಬಂದಾಯಿತು. ಆಕೆಗೆ ಇರುವುದು ತೋಳದ ಕಾಟ ಮತ್ತು ಬರಗಾಲ. ಪಕ್ಕದ ಗುಡಿಸಲಲ್ಲಿ ನಿಜವಾಗಿಯೂ ಬದುಕು ಬೇಡವಾಗಿರುವ ಸೊಸೆ ಒಬ್ಬಳು ಇರುತ್ತಾಳೆ. ಮಾವನ ಎದುರಿಗೆ ಅವಳು ಎಲ್ಲ ಪ್ರಶ್ನೆಗೂ "ಏನಿಲ್ಲ ಬಿಡ್ರಿ" ಅಂತಾಳೆ. ಅವಳಿಗೆ ಸೊನ್ನೆ. ನೀವು ಎರಡೂ ಹಾಳೆ ಮಡಿಸಿ ಬಸ್ ಹತ್ತುತ್ತೀರಿ.

ಪ್ರಶ್ನಾವಳಿಯನ್ನು ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಆ ಒಂಬತ್ತು ಪ್ರಶ್ನೆಗಳು ಜಗತ್ತಿನ ತುಂಬಾ ಸಾವಿರಾರು ಜನರಿಗೆ ನೆರವಾಗಿವೆ. ಅವನ್ನು ಹಟ್ಟಿಗೆ ಒಯ್ಯುವ ಮುಂಚೆ ಹಟ್ಟಿಯ ನಾಲ್ಕೈದು ಹೆಂಗಸರ ಜೊತೆ ಕೂತು ಒಂದೊಂದೇ ಪ್ರಶ್ನೆ ಓದಿ. ಈ ಸೀಮೆಯಲ್ಲಿ ಯಾವ ತಿಂಗಳಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ, ಯಾವಾಗ ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿರುತ್ತಾರೆ, ಯಾರ ಎದುರು ಯಾರು ಬಾಯಿ ಬಿಡುವುದಿಲ್ಲ, ಎಲ್ಲವನ್ನೂ ಅವರೇ ಹೇಳುತ್ತಾರೆ. ಕುರ್ಚಿ ಬೇಡ ಅನ್ನಿ. ನೆಲದ ಮೇಲೆ ಕೂರಿ. ಹೆಂಗಸರ ಜೊತೆ ಹೆಣ್ಣುಮಕ್ಕಳೇ ಮಾತಾಡಿ, ಅದೂ ಅವರು ನೀರಿಗೆ ಹೋಗುವಾಗಲೋ ಆಡು ಮೇಯಿಸುವಾಗಲೋ.

ಒಪ್ಪಿಗೆ ಪತ್ರದ ವಿಷಯ. ನಾಲ್ಕು ಪುಟ ಇರುತ್ತದೆ, ಕೊನೆಯಲ್ಲಿ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರಿಂದ ಈ ಜನಕ್ಕೆ ಏನೇನಾಗಿದೆ ಅಂತ ಹಿರಿಯರನ್ನು ಕೇಳಿ ನೋಡಿ. ಸಾಲ, ಜಮೀನು, ಪೊಲೀಸು, ಎಲ್ಲ ಕಥೆಯೂ ಬರುತ್ತದೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ರದ್ದಾಗಿದ್ದು 1952ರಲ್ಲಿ. ಅಲ್ಲಿಯವರೆಗೆ ದೇಶದ ಎಷ್ಟೋ ಅಲೆಮಾರಿ ಜನರ ಹೆಸರು ಠಾಣೆಯ ಪುಸ್ತಕದಲ್ಲಿತ್ತು. ಅಂಥ ಮನೆಗಳಲ್ಲಿ ಹೆಸರು ಬರೆದುಕೊಳ್ಳುವವರನ್ನು ಕಂಡರೆ ಈಗಲೂ ಒಂದು ಅಳುಕು ಇದ್ದೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬುಡಕಟ್ಟು ಜನರ ನಡುವೆ ಸಂಶೋಧನೆ ಅಂದರೆ ಅದರಿಂದ ಅವರಿಗೆ ಪ್ರಯೋಜನ ಆಗಬೇಕು, ಅಧಿಕಾರಿಗಳ ಅನುಮತಿ ಬೇಕು, ಸಮುದಾಯದ ಮುಖಂಡರು ಹೂಂ ಅಂದರೂ ಪ್ರತಿಯೊಬ್ಬರ ಒಪ್ಪಿಗೆ ಬೇರೆ ಬೇಕು, ಓದಲು ಬಾರದವರಿದ್ದರೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು.

ಓದು ಬಾರದವರಿಗೆ ತಿಳಿವಳಿಕೆ ಕಡಿಮೆ ಅನ್ನುವ ಭಾವನೆ ನಿಮ್ಮಲ್ಲಿದ್ದರೆ ಅದನ್ನು ಇಲ್ಲೇ ಬಿಟ್ಟು ಹೋಗಿ. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಾವಿರಾರು ಹಾಡು ಅವರ ನಾಲಿಗೆಯ ಮೇಲಿದ್ದವು. ಅಂಥ ಕಿವಿ, ಅಂಥ ನೆನಪು ಇರುವ ಜನಕ್ಕೆ ನಿಮ್ಮ ನಾಲ್ಕು ಪುಟವನ್ನು ಬಾಯಲ್ಲಿ ಸರಿಯಾಗಿ ಹೇಳಿದರೆ ಸಾಕು. ಅರ್ಥ ಮಾಡಿಕೊಂಡು, ನೀವು ಯೋಚಿಸದ ಪ್ರಶ್ನೆಯನ್ನೂ ಕೇಳುತ್ತಾರೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಸಂಸ್ಕೃತಿಯನ್ನು ಗೌರವಿಸಬೇಕು ಅಂತೀರಲ್ಲ, ಹಾಗಾದರೆ ಸೂತಕದ ಬಗ್ಗೆ ಏನಂತೀರಿ ಅಂತ ನೀವು ಕೇಳಬಹುದು. ಕೇಳಲೇಬೇಕು. ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಮತ್ತು ಹೆರಿಗೆಯಾದವರು ಹಟ್ಟಿಯ ಹೊರಗೆ ಇರಬೇಕು ಅನ್ನುವ ಕಟ್ಟಳೆ ಇನ್ನೂ ಇದೆ. ಚಿಕ್ಕ ಗುಡಿಸಲು, ಮಳೆ ಬಂದರೆ ಸೋರುತ್ತದೆ, ಹಾವು ಚೇಳಿನ ಭಯ. 2023ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಹೊರಗಿದ್ದ ಬಾಣಂತಿಯ ಎಳೆಗೂಸು ಶೀತಕ್ಕೆ ಸಿಕ್ಕಿ ತೀರಿಕೊಂಡಿದ್ದನ್ನು ನಾಡೇ ಓದಿದೆ. ಮೌಢ್ಯ ನಿಷೇಧ ಕಾಯ್ದೆ ಅಂತ ಜನ ಕರೆಯುವ 2017ರ ಕಾಯ್ದೆಯಲ್ಲಿ ಇಂಥ ಬಲವಂತದ ಪ್ರತ್ಯೇಕತೆ ಅಪರಾಧ.

ಇಲ್ಲಿ ಮನಸ್ಸಿನ ಮಾತೂ ಇದೆ. ಹೆರಿಗೆಯಾದ ಹೊಸದರಲ್ಲಿ ಹೆಣ್ಣಿನ ಮನಸ್ಸು ತೀರಾ ಮೆದುವಾಗಿರುತ್ತದೆ. ಅಭಿವೃದ್ಧಿಶೀಲ ದೇಶಗಳಲ್ಲಿ ಬಾಣಂತಿಯರ ಪೈಕಿ ಐವರಲ್ಲಿ ಒಬ್ಬರಿಗೆ ಖಿನ್ನತೆಯಂಥ ಮಾನಸಿಕ ತೊಂದರೆ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಂಥ ಹೊತ್ತಿನಲ್ಲಿ ಆಕೆ ಒಬ್ಬಳೇ ಗುಡಿಸಲಲ್ಲಿ ಇದ್ದಾಳೆ. ಇಲ್ಲಿ ಕೂತಿರುವ ಆಶಾ ಅಕ್ಕಂದಿರೇ, ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯನ್ನು 42ನೇ ದಿನದೊಳಗೆ ಆರು ಸಲ ನೋಡಬೇಕಾದವರು ನೀವು. ಹಟ್ಟಿಯ ಹೊರಗೆ ಕೂತ ಹೆಣ್ಣಿಗೆ ಹೊರಗಿನ ಲೋಕದ ಮುಖ ಅಂದರೆ ನಿಮ್ಮದೇ. ಮಗುವಿನ ತೂಕ ನೋಡಿ ಹೊರಡಬೇಡಿ. ಪಕ್ಕದಲ್ಲಿ ಕೂತು "ನಿನಗೆ ಹೆಂಗೈತವ್ವ?" ಅಂತ ಕೇಳಿ. ಮಗುವಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಅವಳ ಬಗ್ಗೆ ಕೇಳುವವರು ಯಾರೂ ಇರುವುದಿಲ್ಲ.

ಇನ್ನು ಸಮುದಾಯದ ಒಪ್ಪಿಗೆ ಅಂದರೆ ಯಾರ ಒಪ್ಪಿಗೆ? ಪೂಜಾರಿಯದ್ದು, ಯಜಮಾನರದ್ದು ಮಾತ್ರವಾ? ಗುಡಿಸಲಲ್ಲಿ ಕೂತ ಆ ಹೆಣ್ಣೂ ಸಮುದಾಯವೇ. ಅವಳ ಅತ್ತೆಯೂ ಸಮುದಾಯವೇ. ಗಂಡಸರ ಮಾತನ್ನೇ ಇಡೀ ಹಟ್ಟಿಯ ಸಂಸ್ಕೃತಿ ಅಂತ ಬರೆದುಕೊಂಡು ಬಂದರೆ ಅದು ಗೌರವ ಅಲ್ಲ, ಅರ್ಧ ಹಟ್ಟಿಯ ಬಾಯಿ ಮುಚ್ಚಿಸಿದ ಹಾಗೆ. ಗುಡಿಸಲು ಕಿತ್ತುಹಾಕಿ ಫೋಟೋ ತೆಗೆಸಿಕೊಂಡು ಬಂದರೂ ಕೆಲಸ ಆಗುವುದಿಲ್ಲ, ಅಧಿಕಾರಿಗಳು ಹೋದ ಮೇಲೆ ಗುಡಿಸಲು ಇನ್ನೂ ಮರೆಗೆ ಹೋಗುತ್ತದೆ. ಇದು ಬದಲಾಗುವುದು ಹಟ್ಟಿಯ ಒಳಗಿನ ಓದಿದ ಹೆಣ್ಣುಮಕ್ಕಳು ಬಾಯಿ ತೆರೆದಾಗ. ಅವರಿಗೆ ಬೆನ್ನು ಕೊಡುವುದು ನಮ್ಮ ಕೆಲಸ.

ನರ್ಸಿಂಗ್ ಮಕ್ಕಳಿಗೆ ಒಂದು ಹೆಸರು ಹೇಳಬೇಕು. ನ್ಯೂಜಿಲೆಂಡ್‌ನಲ್ಲಿ ಇರಿಹಪೆಟಿ ರಾಮ್ಸ್‌ಡೆನ್ ಅನ್ನುವ ನರ್ಸ್ ಇದ್ದರು, ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದವರು. 1980ರ ದಶಕದ ಕೊನೆಯಿಂದ ಅವರು ಒಂದು ವಿಚಾರವನ್ನು ಗಟ್ಟಿಯಾಗಿ ಹೇಳಿದರು. ನಿಮ್ಮ ಆರೈಕೆಯಲ್ಲಿ ರೋಗಿಯ ಸಂಸ್ಕೃತಿಗೆ ಪೆಟ್ಟು ಬಿತ್ತೋ ಇಲ್ಲವೋ ಅಂತ ತೀರ್ಮಾನ ಮಾಡುವವರು ನೀವಲ್ಲ, ಆರೈಕೆ ಪಡೆದವರು. ಇದು ಅಲ್ಲಿ ನರ್ಸಿಂಗ್ ಪಾಠದ ಭಾಗವಾಯಿತು. ನಮ್ಮಲ್ಲೂ ಆಗಬೇಕು ಅಂತ ನಾನು ನಂಬುತ್ತೇನೆ.

ಮನಸ್ಸಿನ ಕಾಯಿಲೆ ಅಂದ ಕೂಡಲೇ ನಾವು ಒಬ್ಬೊಬ್ಬರ ತಲೆಯೊಳಗೆ ಹುಡುಕುತ್ತೇವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಚಾಂಡ್ಲರ್ ಮತ್ತು ಲಾಲೋಂಡ್ ಅನ್ನುವ ಇಬ್ಬರು ಸಂಶೋಧಕರು ಬೇರೆ ಕಡೆ ನೋಡಿದರು. ಅಲ್ಲಿನ ಮೂಲನಿವಾಸಿ ಹುಡುಗ ಹುಡುಗಿಯರಲ್ಲಿ ಆತ್ಮಹತ್ಯೆ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಇವರು ಸುಮಾರು 200 ಸಮುದಾಯಗಳ ಲೆಕ್ಕವನ್ನು ಬಿಡಿಬಿಡಿಯಾಗಿ ತೆಗೆದರು. 1987ರಿಂದ 1992ರವರೆಗೆ ಅರ್ಧಕ್ಕಿಂತ ಜಾಸ್ತಿ ಸಮುದಾಯಗಳಲ್ಲಿ ಯುವಜನರ ಒಂದು ಆತ್ಮಹತ್ಯೆಯೂ ಆಗಿರಲಿಲ್ಲ. ಕೆಲವು ಕಡೆ ಮಾತ್ರ ವಿಪರೀತ ಆಗಿತ್ತು. ಏನು ವ್ಯತ್ಯಾಸ? ಶಾಲೆ, ಆರೋಗ್ಯ ಸೇವೆ, ಪೊಲೀಸು ಮತ್ತು ಅಗ್ನಿಶಾಮಕ, ಸ್ವಂತ ಆಡಳಿತ, ಸಾಂಸ್ಕೃತಿಕ ಭವನ, ತಮ್ಮ ನೆಲಕ್ಕಾಗಿ ಹೋರಾಟ. ಈ ಆರೂ ಸಮುದಾಯದ ಕೈಯಲ್ಲಿ ಇದ್ದ ಕಡೆ ಒಂದೂ ಸಾವಿಲ್ಲ. 1998ರಲ್ಲಿ ಇದು ಪ್ರಕಟವಾಯಿತು.

ಇದನ್ನು ಓದಿದಾಗ ನನಗೆ ಚಳ್ಳಕೆರೆಯ ಕಾವಲು, ಅಂದರೆ ಅಲ್ಲಿನ ಹುಲ್ಲುಗಾವಲು, ಕಣ್ಣ ಮುಂದೆ ಬಂತು. ದೊಡ್ಡಉಳ್ಳಾರ್ತಿ, ಖುದಾಪುರ ಕಡೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಇವುಗಳ ಪಾಲಾಯಿತು. ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಆ ಹುಲ್ಲಿನಲ್ಲಿ ಕುರಿ ಮೇಯುತ್ತಿದ್ದವು. ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ, ಕಂಬಳಿಯಿಂದ ಚಳ್ಳಕೆರೆ ಸಂತೆ. ಮ್ಯಾಸನಾಯಕರಿಗೆ ದೇವರೆತ್ತುಗಳನ್ನು ಮೇಯಿಸುವುದು ಬರೀ ದನ ಕಾಯುವ ಕೆಲಸವಲ್ಲ, ಆ ಎತ್ತುಗಳನ್ನು ನೋಡಿಕೊಳ್ಳುವ ಕಿಲಾರಿಗಳ ಪಾಲಿಗೆ ಅದೇ ಪೂಜೆ. ಮೇಯಿಸುವ ನೆಲಕ್ಕೆ ಗೋಡೆ ಎದ್ದ ಮೇಲೆ ಅಂಥ ಮನುಷ್ಯ "ಯಾಕೋ ಬೇಜಾರು" ಅಂತ ಬಂದು ಕೂತರೆ ನಿಮ್ಮ ಹಾಳೆಯಲ್ಲಿ ಆ ಗೋಡೆಯನ್ನು ಬರೆಯುವ ಜಾಗ ಇದೆಯಾ? ಇಲ್ಲದಿದ್ದರೆ ಹಾಳೆಯ ಹಿಂಬದಿಯಲ್ಲಾದರೂ ಬರೆಯಿರಿ.

ದೇವರ ಹತ್ತಿರ ಹೋಗುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಿಮ್ಹಾನ್ಸ್‌ನ ಡಾಕ್ಟರ್ ರಘುರಾಮ್ ಮತ್ತು ಜೊತೆಗಾರರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡಿದ್ದ 31 ಮನೋರೋಗಿಗಳನ್ನು ನೋಡಿ 2002ರಲ್ಲಿ ಬರೆದರು. ಔಷಧಿ ಇರಲಿಲ್ಲ. ಮನೆಯವರು ಜೊತೆಗಿದ್ದರು, ದೇವಸ್ಥಾನದ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದರು. ಕಾಯಿಲೆಯ ಲಕ್ಷಣ ಸುಮಾರು ಶೇಕಡಾ 20ರಷ್ಟು ಇಳಿಯಿತು. ಅದರ ಹಿಂದಿನ ವರ್ಷವೇ, 2001ರ ಆಗಸ್ಟ್‌ನಲ್ಲಿ, ಅದೇ ತಮಿಳುನಾಡಿನ ಎರ್ವಾಡಿ ದರ್ಗಾದ ಹತ್ತಿರದ ಮನೋರೋಗಿಗಳ ಆಶ್ರಮದಲ್ಲಿ ಸರಪಳಿ ಹಾಕಿ ಕಟ್ಟಿದ್ದ 28 ಜನ ಬೆಂಕಿಯಲ್ಲಿ ಸತ್ತರು. ಎರಡೂ ನಿಜ. ದೇವರ ಹತ್ತಿರ ಹೋಗಿದ್ದಕ್ಕೆ ಬೈಯಬೇಡಿ, ಕಟ್ಟಿಹಾಕಿದ್ದು ಕಂಡರೆ ಸುಮ್ನಿರಬೇಡಿ. ಪೂಜಾರಪ್ಪನ ಜೊತೆ ಮಾತಾಡಿ, "ಹರಕೆ ಮುಂದುವರಿಸಲಿ, ಗುಳಿಗೆಯನ್ನೂ ಬಿಡಬಾರದು ಅಂತ ನೀವೇ ಹೇಳಿ" ಅಂತ ಕೇಳಿಕೊಂಡರೆ ಒಪ್ಪುವ ಪೂಜಾರಿಗಳು ಇದ್ದಾರೆ.

ಆಸ್ಪತ್ರೆಯ ಕಡೆಯಿಂದ ಆಗಬೇಕಾದ್ದು ಬಹಳ ಇದೆ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು. ಈಗ ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ವ್ಯವಸ್ಥೆ ಇದೆ. ಆದರೆ ಕುರಿ ಹೊಡೆದುಕೊಂಡು ಹೋದವನು ಮಂಗಳವಾರ ಎಲ್ಲಿರುತ್ತಾನೆ? ಅವನಿಗೆ ಹೆಚ್ಚು ದಿನದ ಗುಳಿಗೆ ಕೊಡಲು ಆಗುತ್ತದಾ ಅಂತ ಡಾಕ್ಟರನ್ನು ಕೇಳಬೇಕು. ಅವನು ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಹುಷಾರಾಗಿರಬೇಕು. ಏಪ್ರಿಲ್ ಬಿಸಿಲಲ್ಲಿ ಬೆವರಿ, ನೀರು ಕಡಿಮೆ ಕುಡಿದು ನಡೆದರೆ ರಕ್ತದಲ್ಲಿ ಲಿಥಿಯಂ ಏರಿ ಜೀವಕ್ಕೇ ಅಪಾಯ. ಕೈ ನಡುಕ, ವಾಂತಿ, ತೂರಾಡುವುದು ಕಂಡರೆ ತಕ್ಷಣ ಆಸ್ಪತ್ರೆ. ಏನು ಕೆಲಸ ಮಾಡುತ್ತೀಯಪ್ಪ ಅಂತ ಕೇಳದೆ ಬರೆದ ಚೀಟಿ ಅರ್ಧ ಚೀಟಿ. ಮ್ಯಾಸನಾಯಕರ ಮನೆಯ ಬಾಣಂತಿಗೆ ಕೋಳಿ ತಿನ್ನು ಅಂತ ಹೇಳಿ ಕಳಿಸುವುದೂ ಹಾಗೇ. ಅವರು ಕೋಳಿ ತಿನ್ನುವವರಲ್ಲ. ಆ ಮಾತು ಕೇಳಿದ ಮೇಲೆ ನೀವು ಹೇಳುವ ಉಳಿದದ್ದರ ಮೇಲೂ ಅವರಿಗೆ ನಂಬಿಕೆ ಹೋಗುತ್ತದೆ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ: ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ. ಕೆರೆ ಕಟ್ಟಿಸಿದಾಗ ದುಡಿದವರಿಗೆ ದುಡಿದಷ್ಟು ಕೂಲಿ ಸಂದ ಕಥೆ ನಿಮಗೂ ಗೊತ್ತು. ಸಂಶೋಧನೆಯಲ್ಲೂ ದುಡಿದವರು ಇದ್ದಾರೆ. ಎರಡು ಗಂಟೆ ಕೂಲಿ ಬಿಟ್ಟು ನಿಮ್ಮ ಜೊತೆ ಕೂತ ಹೆಂಗಸು ದುಡಿದಿದ್ದಾಳೆ. ಹಟ್ಟಿ ಹಟ್ಟಿಗೆ ನಿಮ್ಮನ್ನು ಕರೆದುಕೊಂಡು ಹೋದ ಹುಡುಗ ದುಡಿದಿದ್ದಾನೆ. ಡಿಗ್ರಿ ನಿಮಗೆ ಬಂತು, ಅವರಿಗೆ ಏನು ಬಂತು? ಆ ಹುಡುಗನ ಹೆಸರು ವರದಿಯಲ್ಲಿ ಇರಲಿ, ಕೂಲಿ ಕೊಡಿ. ಅಚ್ಚಿಗೆ ಕಳಿಸುವ ಮುಂಚೆ ಹಟ್ಟಿಗೆ ವಾಪಸ್ ಹೋಗಿ, ಕಂಡಿದ್ದನ್ನು ಕನ್ನಡದಲ್ಲಿ ಓದಿ ಹೇಳಿ. ತಪ್ಪು ಅಂದರೆ ತಿದ್ದಿ. ಹಟ್ಟಿಯ ಹೆಸರು ಬೇಡ ಅಂದರೆ ತೆಗೆಯಿರಿ. ದಕ್ಷಿಣ ಆಫ್ರಿಕಾದ ಸಾನ್ ಬುಡಕಟ್ಟಿನವರು 2017ರಲ್ಲಿ ತಾವೇ ಸಂಶೋಧಕರಿಗೆ ನಿಯಮ ಬರೆದು ಕೊಟ್ಟರು. ನಮ್ಮ ಹಟ್ಟಿಗಳೂ ಬರೆಯಲಿ. ಬರೆಯಲು ಕೂತರೆ ಚಾಪೆ ಹಾಸಿಕೊಡುವುದು ನಮ್ಮ ಕಾಲೇಜುಗಳ ಕೆಲಸ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಹಟ್ಟಿಯವರು ಬೇಡವೇ ಬೇಡ ಅಂದರೆ ನಮ್ಮ ಪ್ರಾಜೆಕ್ಟ್ ಗತಿ ಏನು? ಸಲ್ಲಿಸಲು ಮೂರೇ ತಿಂಗಳು ಇದೆ." ಒಳ್ಳೆಯ ಪ್ರಶ್ನೆ ಅದು. ಬೇಡ ಅಂದರೆ ಬೇಡ ಅಂತಲೇ ಅರ್ಥ. ಯಾಕೆ ಬೇಡ ಅಂದರು ಅನ್ನುವುದನ್ನು, ಅವರು ಒಪ್ಪಿದರೆ, ಬರೆದು ಸಲ್ಲಿಸಿ. ಅದೂ ಪ್ರಾಜೆಕ್ಟೇ. ಅದಕ್ಕೆ ಅಂಕ ಕೊಡಿ ಅಂತ ಮುಂದಿನ ಸಾಲಿನಲ್ಲಿ ಕೂತಿದ್ದ ಅಧ್ಯಾಪಕರನ್ನು ಅಲ್ಲೇ ಕೇಳಿದೆ. ಮೂರು ತಿಂಗಳನ್ನು ಆರು ಮಾಡಿ, ಮೊದಲ ಎರಡು ತಿಂಗಳು ಪ್ರಶ್ನೆ ಕೇಳದೆ ಹಟ್ಟಿಗೆ ಹೋಗಿ ಬರಲು ಬಿಡಿ ಅಂತಲೂ ಕೇಳಿದೆ. ವಿಭಾಗದ ಸಭೆಯಲ್ಲಿ ಇಡುತ್ತೇವೆ ಅಂದರು. ಹಾಗಾದರೆ ಆ ಸಭೆಗೆ ಹಟ್ಟಿಯಿಂದ ಇಬ್ಬರನ್ನು ಕರೆಯಿರಿ, ಅದರಲ್ಲಿ ಒಬ್ಬರು ಹೆಂಗಸು ಇರಲಿ, ಬಸ್ ಚಾರ್ಜು ಮತ್ತು ಅವತ್ತಿನ ಕೂಲಿ ಕಾಲೇಜೇ ಕೊಡಲಿ ಅಂದೆ.